ಅಜ್ಜಿಯ ಬ್ರೇಕು

ವ್ಯಾನಿಗೆ ಅಜ್ಜಿ ಎಂದು ಹೆಸರಿಟ್ಟವನು ನನ್ನ ಗಂಡನೇ. ಮನೆಗೆ ತಂದ ದಿನ ಅತ್ತೆ ಹಿಂಬಾಗಿಲಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದರು. "ನನ್ನನ್ನ ಅಜ್ಜಿ ಮಾಡೋ ಅಂದ್ರೆ, ಎಲ್ಲಿಂದಲೋ ಇನ್ನೊಬ್ಬಳು ಅಜ್ಜೀನ ತಂದು ನಿಲ್ಲಿಸಿದ್ದಾನೆ ನೋಡು" ಎಂದು ನನಗೆ ಹೇಳಿದರು. ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಅತ್ತೆಯೇ ಅದರ ಕಿಟಕಿಗಳ ಅಳತೆ ತೆಗೆದುಕೊಂಡು ಪರದೆ ಹೊಲಿದುಕೊಟ್ಟರು.

ನಮಗಿಂತ ವಯಸ್ಸಾದ ಗಾಡಿ. ಒಳಗಿನದೆಲ್ಲ ಅವನ ಕೈಕೆಲಸ: ಮಡಿಸುವ ಮೇಜು, ಒಂದು ಒಲೆ ಹಿಡಿಯುವಷ್ಟು ಅಡುಗೆಮನೆ, ಹಿಂದೆ ಇಬ್ಬರು ಮಲಗುವ ಹಾಸಿಗೆ. ಕಪಾಟು ಅಡ್ಡ ಬರುತ್ತದೆಂದು ಹಾಸಿಗೆಯ ಒಂದು ಮೂಲೆಯನ್ನು ಅಡುಗೆ ಚಾಕುವಿನಲ್ಲಿ ಕತ್ತರಿಸಿದ್ದ. ಆ ಮೂಲೆಯಲ್ಲಿ ನನ್ನ ಕಾಲು ಬರುತ್ತಿತ್ತು. ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆವು. ಹೋದಷ್ಟೇ ಹೊತ್ತು ಎಲ್ಲಾದರೂ ರಸ್ತೆ ಬದಿಯಲ್ಲಿ ಕೆಟ್ಟು ನಿಲ್ಲುತ್ತಿದ್ದೆವು.

ಅವನು ಹೋದದ್ದು ಚಳಿಗಾಲದ ಮೊದಲಲ್ಲಿ. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ. ತಲೆಯೊಳಗೆ ಒಂದು ರಕ್ತನಾಳ ಒಡೆದಿತ್ತು ಎಂದರು. ಅದರ ಹಿಂದಿನ ಸಂಜೆ ಅಜ್ಜಿಯ ಹಿಂದಿನ ಎಡಚಕ್ರ ಬಿಚ್ಚಿ, ಬಿರುಕುಬಿಟ್ಟಿದ್ದ ಬ್ರೇಕ್ ಪೈಪು ತೆಗೆದು ಹೊಸದು ಹಾಕಿದ್ದ. ಕೈ ಒರೆಸಿಕೊಳ್ಳುತ್ತಾ, "ನಾಳೆ ಏರ್ ತೆಗೆಯೋಣ. ನೀನು ಬೇಕು" ಎಂದಿದ್ದ.

ಅಂದಿನಿಂದ ಅಜ್ಜಿ ಹಿಂದಿನ ಅಂಗಳದಲ್ಲಿ ಮೂರು ಚಕ್ರ ಮತ್ತು ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿದ್ದಳು. ನಾನು ಅದರಲ್ಲಿ ಮಲಗುತ್ತಿದ್ದೆ. ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ, ಅಲ್ಲಿ ಬರುತ್ತಿತ್ತು. ಇದಕ್ಕಿಂತ ಹೆಚ್ಚಿನ ಕಾರಣ ನನ್ನಲ್ಲಿ ಇರಲಿಲ್ಲ. ಅತ್ತೆ ಕೇಳಲೂ ಇಲ್ಲ. ಬೆಳಿಗ್ಗೆ ಚಹಾ ತಂದು ವ್ಯಾನಿನ ಬಾಗಿಲು ತಟ್ಟುತ್ತಿದ್ದರು, ಅಷ್ಟೇ.

ಕೇಳಿದವರು ರೂಲ್ಸ್ ಮಾಮ. ನಮ್ಮ ಕಟ್ಟಡದ ಕಾರ್ಯದರ್ಶಿ. ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಲ್ಲೂ ನಿಂತುಬಿಟ್ಟಿದೆ. ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ಬಂದರು.

"ನಿನ್ನ ಮೇಲೆ ನನಗೇನೂ ಇಲ್ಲಮ್ಮ. ಆದರೆ ಪರವಾನಗಿ ಇಲ್ಲದ ಗಾಡಿ ಅಂಗಳದಲ್ಲಿ ಇರೋ ಹಾಗಿಲ್ಲ. ಶನಿವಾರ ತಪಾಸಣೆ ಅಂತೆ ಇದಕ್ಕೆ?"

"ಹೌದು."

"ಪಾಸಾದ್ರೆ ನೂರು ವರ್ಷ ಇರಲಿ. ನಾನೇ ದಿನಾ ಒರೆಸಿಕೊಡ್ತೀನಿ."

"ಆಗದಿದ್ರೆ?"

ಅವರು ಬೀಗದ ಕೈಗಳನ್ನು ನೋಡಿಕೊಂಡರು. "ಸೋಮವಾರ ಗುಜರಿಯವರ ಲಾರಿ ಈ ಕಡೆ ಬರುತ್ತೆ. ಮೂರನೇ ಮನೆಯವರ ಫ್ರಿಜ್ಜೂ ಇದೆ."

ಅಷ್ಟು ಹಳೆಯ ಗಾಡಿಗೆ ತಪಾಸಣೆ ತಪ್ಪಿದರೆ ಮತ್ತೆ ನೋಂದಣಿ ಕೊಡುವುದಿಲ್ಲ. ಅವನು ಸತ್ತ ಕಾರಣ ತೋರಿಸಿ ನಾನು ಒಮ್ಮೆ ದಿನ ಮುಂದೆ ಹಾಕಿಸಿಕೊಂಡಿದ್ದೆ. ಇನ್ನೊಮ್ಮೆ ಸಾಯುವವರು ಯಾರೂ ಇರಲಿಲ್ಲ.

ಗ್ಯಾರೇಜಿನವನಿಗೆ ಫೋನ್ ಮಾಡಿದೆ. ಅವನಿಗೂ ನನ್ನ ಗಂಡನಿಗೂ ಹಳೆಯ ಗೆಳೆತನ, ಹಳೆಯ ಜಗಳ. ನನ್ನ ಕೈ ಖಾಲಿ ಇರಲಿಲ್ಲ, ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆ. ಅತ್ತೆ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದರು.

"ಶನಿವಾರದೊಳಗೆ ಆಗಲ್ಲ ಮೇಡಂ. ಎರಡು ಗಾಡಿ ಮೇಲೆ ಎತ್ತಿ ಕೂತಿದ್ದೀನಿ, ಇಳಿಸೋಕೇ ಜಾಗ ಇಲ್ಲ. ಬರೀ ಏರ್ ತೆಗೆಯೋದು ತಾನೇ? ನೀವೇ ಮಾಡಿಬಿಡಿ. ಅವರ ಜೊತೆ ಎಷ್ಟು ಸಲ ಮಾಡಿಲ್ಲ ನೀವು?"

"ನಾನು ಪೆಡಲ್ ಒತ್ತುತ್ತಿದ್ದೆ ಅಷ್ಟೇ."

"ಈಗ ಇನ್ನೊಬ್ಬರ ಕೈಲಿ ಒತ್ತಿಸಿ. ನೀವು ಕೆಳಗೆ ಹೋಗಿ. ಒಂದು ಮಾತು ಮೇಡಂ, ಹೊಸ ಪೈಪು ಸರಿ, ಉಳಿದಿದ್ದೆಲ್ಲ ಅಜ್ಜಿ ಕಾಲದ್ದು. ಜೋರಾಗಿ ಒತ್ತಿದಾಗ ಎಲ್ಲಾದ್ರೂ ಒಡೆದು ಚಿಮ್ಮಬಹುದು. ಮುಖ ದೂರ ಇಟ್ಕೊಳ್ಳಿ. ಆ ಆಯಿಲ್ ಕಣ್ಣಿಗೆ ಬಿದ್ರೆ ಕಷ್ಟ."

ಆಯಿತು ಎಂದೆ. ಅತ್ತೆ ಹೆಚ್ಚುವುದನ್ನು ನಿಲ್ಲಿಸಿದ್ದರು ಎಂಬುದು ಈಗ ನೆನಪಾಗುತ್ತದೆ. ಆಗ ನನ್ನ ಗಮನ ಅತ್ತ ಇರಲಿಲ್ಲ.

*

ಬ್ರೇಕಿನ ಏರ್ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಕ್ರದ ಹಿಂದಿರುವ ಒಂದು ಪುಟ್ಟ ತಿರುಪನ್ನು ಸಡಿಲಿಸಬೇಕು. ನಿಪ್ಪಲ್ ಅನ್ನುತ್ತಾರೆ ಅದಕ್ಕೆ. ಕಿರುಬೆರಳಿನಷ್ಟೂ ಇಲ್ಲ, ಒಳಗೆ ಟೊಳ್ಳು. ಸಡಿಲಿಸಿದ ಕೂಡಲೇ ಒಳಗಿನ ಆಯಿಲ್ ಗಾಳಿಯ ಗುಳ್ಳೆಗಳ ಸಮೇತ ಹೊರಗೆ ಬರುತ್ತದೆ. ಅದನ್ನು ಮತ್ತೆ ಬಿಗಿದ ಮೇಲೆಯೇ ಮೇಲಿನವರು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೋದ ಗಾಳಿ ಹಾಗೇ ಒಳಗೆ ವಾಪಸು. ಹೊಸ ಗಾಡಿಗಳಲ್ಲಿ ಬ್ರೇಕಿಗೆ ಎರಡು ದಾರಿ ಇರುತ್ತದಂತೆ. ಅಜ್ಜಿಗೆ ಒಂದೇ. ಒಂದು ಚಕ್ರದಲ್ಲಿ ಗಾಳಿ ಹೊಕ್ಕರೆ ನಾಲ್ಕೂ ಹೋದ ಹಾಗೆ.

"ಒತ್ತು."

"ಒತ್ತಿದೆ."

"ಹಿಡಿ."

"ಹಿಡಿದೆ."

"ಬಿಡು."

"ಬಿಟ್ಟೆ."

ಮದುವೆಯಾದ ಮೇಲೆ ನಾವಿಬ್ಬರೂ ಅತಿ ಹೆಚ್ಚು ಆಡಿದ ಮಾತು ಇದೇ ಇರಬೇಕು. ಮುಖ ತಿರುಗಿಸಿಕೊಂಡ ದಿನಗಳಲ್ಲೂ ಈ ಮಾತು ನಿಲ್ಲುತ್ತಿರಲಿಲ್ಲ. ನಿಪ್ಪಲ್ ಸಡಿಲಿಸಿದಾಗ ಪೆಡಲ್ ಕಾಲ ಕೆಳಗೆ ಮೆಲ್ಲಗೆ ಇಳಿಯುವುದು, ಗಾಳಿಯೆಲ್ಲ ಹೋದ ಮೇಲೆ ಅದು ಕಲ್ಲಿನ ಹಾಗೆ ಎದುರು ನಿಲ್ಲುವುದು, ಇದೆಲ್ಲ ನನ್ನ ಅಂಗಾಲಿಗೆ ಗೊತ್ತು. ಕೆಳಗೆ ಅವನು ಏನು ನೋಡುತ್ತಿದ್ದ, ಎಷ್ಟು ತಿರುಗಿಸುತ್ತಿದ್ದ, ಎಲ್ಲಿಗೆ ಸಾಕು ಎಂದುಕೊಳ್ಳುತ್ತಿದ್ದ ಎಂಬುದು ಗೊತ್ತಿಲ್ಲ. ನಾನು ಯಾವತ್ತೂ ಬಗ್ಗಿ ನೋಡಿರಲಿಲ್ಲ. ಸೀಟು ಬಿಟ್ಟು ಬಗ್ಗುವ ಹಾಗಿರಲಿಲ್ಲ.

ನಾನು ರಸಾಯನಶಾಸ್ತ್ರ ಓದಿದವಳು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಯಾಕೆ ಹೀರುತ್ತದೆ, ಹಳೆಯದಾದರೆ ಯಾಕೆ ಕಂದುಬಣ್ಣಕ್ಕೆ ತಿರುಗುತ್ತದೆ ಎಂದು ಬರೆದು ತೋರಿಸಬಲ್ಲೆ. ಅವನಿಗೆ ಹಾಗೆ ತೋರಿಸಿದ್ದೆ ಕೂಡ. "ಸರಿ, ಈಗ ಒತ್ತು" ಎಂದಿದ್ದ.

*

ಶುಕ್ರವಾರ ಬೆಳಿಗ್ಗೆ ಅತ್ತೆಯನ್ನು ಡ್ರೈವರ್ ಸೀಟಿಗೆ ಹತ್ತಿಸಿದೆ. ಚಪ್ಪಲಿಯನ್ನು ಕೆಳಗೇ ಬಿಟ್ಟು ಹತ್ತಿದರು, ಯಾರದೋ ಮನೆಯೊಳಗೆ ಹೋಗುವವರ ಹಾಗೆ. ಬೆನ್ನಿಗೆ ದಿಂಬು ಕೊಟ್ಟೆ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೇರ ಕೂತರು.

"ಎಲ್ಲಿಗೆ ಬಿಡಲಿ, ಹೇಳಿ ಅಮ್ಮಾವರೇ" ಎಂದರು.

"ತಪಾಸಣೆ ಕೇಂದ್ರಕ್ಕೆ."

"ಮೀಟರ್ ಮೇಲೆ ಸ್ವಲ್ಪ ಜಾಸ್ತಿ ಆಗುತ್ತೆ."

ಅವನು ಹೋದ ಮೇಲೆ ಅತ್ತೆ ಆಡಿದ ಮೊದಲ ತಮಾಷೆ ಅದು. ನಗಬೇಕಾಗಿತ್ತು. ನಾನು ಪೆಡಲ್ ತೋರಿಸಿದೆ.

ಅವರ ಕಾಲಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ಅತ್ತೆ ಜೀವಮಾನವಿಡೀ ಹೊಲಿಗೆ ಮೆಷಿನ್ ತುಳಿದವರು. ಮಾವ ಬೇಗ ತೀರಿಕೊಂಡ ಮೇಲೆ ಮಗನನ್ನು ಸಾಕಿದ್ದು ಆ ಕಾಲೇ. ದಪ್ಪ ಬಟ್ಟೆ ಬಂದಾಗ ಮೆಷಿನ್ನಿಗೆ ಗೊತ್ತಾಗದ ಹಾಗೆ ಹಗುರ ಮಾಡುತ್ತಾರೆ, ಸೂಜಿ ಮುರಿಯುವುದಿಲ್ಲ.

"ನಾನು ಒತ್ತಿ ಅಂದಾಗ ಪೂರ್ತಿ ಒತ್ತಿ. ಹಿಡೀರಿ ಅಂದಾಗ ಹಾಗೇ ಹಿಡಿದಿರಿ. ಅದು ತಾನೇ ಕೆಳಗೆ ಹೋಗುತ್ತೆ, ಹೆದರಬೇಡಿ, ಬಿಡಬೇಡಿ. ಬಿಡಿ ಅಂದ ಮೇಲೇನೇ ಬಿಡಬೇಕು."

"ನೀನು ಎಲ್ಲಿರ್ತೀಯ?"

"ಹಿಂದಿನ ಚಕ್ರದ ಹತ್ರ, ಕೆಳಗೆ."

"ತಲೆ ಎಲ್ಲಿರುತ್ತೆ?"

"ತಲೆ ನನ್ನ ಮೈ ಮೇಲೇ ಇರುತ್ತೆ ಅತ್ತೆ."

ಹಳೆಯ ಚಾಪೆ ಹಾಸಿ ಕೆಳಗೆ ಸರಿದೆ. ನೆಲ ತಣ್ಣಗಿತ್ತು. ನಿಪ್ಪಲ್ ಹುಡುಕಲು ಹೊತ್ತು ಹಿಡಿಯಿತು. ಸುತ್ತ ಎಣ್ಣೆಯ ಕಲೆ ಇತ್ತು; ತುಕ್ಕು ಹಿಡಿದಿದ್ದನ್ನು ಅವನು ದಿನಾ ಎಣ್ಣೆ ಬಿಟ್ಟು ನೆನೆಸಿ ಬಿಡಿಸಿಟ್ಟಿದ್ದ. ಅದರ ತುದಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಟ್ಟೆ. ಚಿಕ್ಕ ಸ್ಪ್ಯಾನರ್ ಹಿಡಿದೆ. ಅದರ ಹಿಡಿಗೆ ಅವನು ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿದ್ದ.

"ಒತ್ತಿ."

"ಒತ್ತಿದೆ."

"ಹಿಡೀರಿ."

"ಹಿಡಿದಿದ್ದೀನಿ."

ಸಡಿಲಿಸಿದೆ. ನಳಿಗೆಯಲ್ಲಿ ಕಂದು ಆಯಿಲ್ ಬಂತು, ಅದರ ಹಿಂದೆ ಗುಳ್ಳೆಗಳು. ಬಿಗಿದೆ. "ಬಿಡಿ." "ಬಿಟ್ಟೆ." ಕೆಲಸ ಗೊತ್ತಿರುವವಳ ಹಾಗೆ ಇತ್ತು ನನ್ನ ದನಿ. ಎರಡನೇ ಸಲ ಗುಳ್ಳೆ. ಮೂರನೇ ಸಲವೂ. ಮೊದಲು ಹಾಗೇ ಇರುತ್ತದೆ ಎಂದುಕೊಂಡೆ.

ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿಯಿತು. ಗುಳ್ಳೆ ನಿಲ್ಲಲಿಲ್ಲ. ನಡುವೆ ಎದ್ದುಹೋಗಿ ಮೇಲಿನ ಡಬ್ಬಿಗೆ ಹೊಸ ಆಯಿಲ್ ತುಂಬಿಸಿ ಬಂದೆ. ಅದು ನಳಿಗೆಯಲ್ಲಿ ತಿಳಿಯಾಗಿ ಇಳಿಯುತ್ತಿತ್ತು, ಜೊತೆಗೆ ಗುಳ್ಳೆ. ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿತ್ತು. ಹೊಸ ಪೈಪಿನ ಎರಡೂ ತುದಿ ಬಟ್ಟೆಯಿಂದ ಒರೆಸಿ ನೋಡಿದೆ. ಒಣಗಿತ್ತು. ಅವನು ಹಾಕಿದ್ದು ಸರಿಯಾಗಿಯೇ ಇತ್ತು.

ಗ್ಯಾರೇಜಿನವನಿಗೆ ಫೋನ್ ಮಾಡಿದೆ. "ಪೆಡಲ್ ಮೇಲಿರೋರು ಸರಿಯಾಗಿ ಹಿಡಿದಿದ್ದಾರಾ?" ಎಂದ.

ಕೆಳಗಿನಿಂದಲೇ ಕೂಗಿ ಕೇಳಿದೆ. "ಅತ್ತೆ, ಸರಿಯಾಗಿ ಹಿಡಿದಿದ್ದೀರಾ?"

ಮೇಲೆ ಸೀಟು ಕಿರುಗುಟ್ಟಿತು. "ಹ್ಞೂಂ" ಎಂದರು.

"ಹಾಗಾದ್ರೆ ನಿಪ್ಪಲ್ ತಿರುಪಿನ ಎಳೆ ಸವೆದಿರಬೇಕು ಮೇಡಂ. ಅದರ ಸಂದಿಯಿಂದಲೇ ಎಳೆದುಕೊಳ್ಳುತ್ತೆ. ಚೂರು ಗಟ್ಟಿ ಬಿಗೀರಿ. ಚೂರು ಅಂದ್ರೆ ಚೂರೇ" ಎಂದು ಇಟ್ಟ.

ಚೂರು ಎಂದರೆ ಎಷ್ಟು ಎಂದು ನನ್ನ ಕೈಗೆ ಗೊತ್ತಿರಲಿಲ್ಲ. ಕಾಲಿಗಾದರೆ ಗೊತ್ತಿರುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ರೂಲ್ಸ್ ಮಾಮ ಒಮ್ಮೆ ಬಂದು ಹೋದರು. ಅವರ ಪಾದ ಮಾತ್ರ ಕಂಡಿತು.

"ಎಲ್ಲಿಗೆ ಬಂತಮ್ಮ?"

"ಬರ್ತಾ ಇದೆ."

"ಡ್ರೈವರಮ್ಮ ಏನಂತಾರೆ?"

"ಡ್ರೈವರಮ್ಮನಿಗೆ ಹಸಿವಾಗಿದೆ" ಎಂದರು ಅತ್ತೆ ಮೇಲಿನಿಂದ. "ಮನೆಯಿಂದ ಏನಾದ್ರೂ ಕಳಿಸೋ ರೂಲ್ಸ್ ಇದ್ರೆ ಕಳಿಸಿ."

ಪಾದಗಳು ಹೋದವು. ಅವರ ಮನೆಯಿಂದ ಎರಡು ಲೋಟ ಚಹಾ ಬಂತು. ನನ್ನದು ಚಕ್ರದ ಪಕ್ಕ ಆರಿತು.

ಒತ್ತಿ. ಒತ್ತಿದೆ. ಹಿಡೀರಿ. ಹಿಡಿದಿದ್ದೀನಿ. ಪ್ರತಿ ಸಲವೂ ಗುಳ್ಳೆ. ಪ್ರತಿ ಸಲವೂ ನಾನು ಮೊದಲಿಗಿಂತ ಒಂದಿಷ್ಟು ಗಟ್ಟಿಯಾಗಿ ಬಿಗಿಯುತ್ತಿದ್ದೆ. ಅಲ್ಲಿ ಮಲಗಿ ನೋಡುವಾಗ ಅಜ್ಜಿಯ ಹೊಟ್ಟೆ ತುಂಬ ಅವನ ಕೈ ಕಾಣುತ್ತಿತ್ತು. ಸೈಲೆನ್ಸರಿಗೆ ಕಟ್ಟಿದ ತಂತಿ, ನೀರಿನ ಟ್ಯಾಂಕಿಗೆ ಬೆಲ್ಟಿನಿಂದ ಮಾಡಿದ ಪಟ್ಟಿ. ಆ ಬೆಲ್ಟು ಎಲ್ಲಿ ಹೋಯಿತೆಂದು ನಾನು ಒಂದು ಭಾನುವಾರವಿಡೀ ಹುಡುಕಿದ್ದೆ.

ಬಿಗಿಯುವಾಗ ಒಮ್ಮೆ ಸ್ಪ್ಯಾನರ್ ಇದ್ದಕ್ಕಿದ್ದ ಹಾಗೆ ಹಗುರವಾಯಿತು. ಒಂದು ಸದ್ದು, ಕಡ್ಡಿ ಮುರಿದಷ್ಟೂ ಇಲ್ಲ. ನಿಪ್ಪಲ್‌ನ ತಲೆ ನಳಿಗೆಯ ಸಮೇತ ನನ್ನ ಕೈಗೆ ಬಂತು. ಉಳಿದ ಭಾಗ ಒಳಗೇ ಉಳಿಯಿತು. ಅದರ ನಡುವಿನ ತೂತಿನಿಂದ ತಿಳಿ ಆಯಿಲ್ ಜಿನುಗಿ, ತೊಟ್ಟು ಕಟ್ಟಿ, ಚಾಪೆಯ ಮೇಲೆ ಬಿತ್ತು. ಇನ್ನೊಂದು ತೊಟ್ಟು ಕಟ್ಟತೊಡಗಿತು.

ನಾನು ಅದನ್ನೇ ನೋಡುತ್ತಿದ್ದೆ.

"ಬಿಡಲಾ?" ಎಂದರು ಅತ್ತೆ ಮೇಲಿನಿಂದ.

"ಬಿಡಿ."

"ಬಿಟ್ಟೆ."

*

ಗ್ಯಾರೇಜಿನವನು ಈ ಸಲ ತಮಾಷೆ ಮಾಡಲಿಲ್ಲ. "ಒಳಗೆ ಉಳಿದಿದ್ದನ್ನ ಕೊರೆದು ತೆಗೀಬೇಕು. ಕೊರೆದ್ರೆ ಆ ಇಡೀ ಭಾಗ ಹೋಗುತ್ತೆ. ಈ ಗಾಡಿಗೆ ಆ ಭಾಗ ಎಲ್ಲೂ ಸಿಗಲ್ಲ ಮೇಡಂ, ಅವರೇ ತಿಂಗಳುಗಟ್ಟಲೆ ಹುಡುಕಿದ್ರು. ನಾಳೆಗಂತೂ ಮಾತೇ ಇಲ್ಲ." ಆಮೇಲೆ, "ನಾನು ಬರಬೇಕಿತ್ತು" ಎಂದ. ಬಂದಿದ್ದರೂ ಶನಿವಾರ ಶನಿವಾರವೇ ಆಗಿರುತ್ತಿತ್ತು ಎಂದೆ. ಅದರ ಅರ್ಥ ಏನೆಂದು ನನಗೂ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಕೈ ತೊಳೆದುಕೊಂಡೆ. ಆ ಆಯಿಲ್ ಬೇಗ ಹೋಗುವುದಿಲ್ಲ. ಅತ್ತೆ ಟವಲ್ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಗಾಳಿ ಎಲ್ಲಿಂದ ಹೋಗ್ತಾ ಇತ್ತೋ, ಕೊನೆಗೂ ಗೊತ್ತಾಗಲಿಲ್ಲ" ಎಂದೆ.

"ನಾನು ಕಾಲು ಎತ್ತುತ್ತಾ ಇದ್ದೆ" ಎಂದರು ಅತ್ತೆ.

ನಲ್ಲಿ ನಿಲ್ಲಿಸಿದೆ.

"ಪೂರ್ತಿ ಅಲ್ಲ. ನೀನು ಹಿಡೀರಿ ಅಂದಾಗ ಅದು ತಾನೇ ಕೆಳಗೆ ಹೋಗುತ್ತಲ್ಲ, ಆಗ ಒಂಚೂರು ಹಗುರ ಮಾಡ್ತಿದ್ದೆ. ಅವನು ಫೋನಿನಲ್ಲಿ ಹೇಳಲಿಲ್ವಾ, ಜೋರಾಗಿ ಒತ್ತಿದ್ರೆ ಒಡೆದು ಚಿಮ್ಮುತ್ತೆ ಅಂತ? ನೀನು ಕೆಳಗಿದ್ದೀಯ. ನಿನ್ನ ಮುಖ ಅಲ್ಲಿದೆ. ನಾನು ಹೇಗೆ ಒತ್ತಲಿ ಹೇಳು?"

"ಕೇಳಿದೆನಲ್ಲ ಅತ್ತೆ, ಸರಿಯಾಗಿ ಹಿಡಿದಿದ್ದೀರಾ ಅಂತ."

"ಹ್ಞೂಂ ಅಂದೆ." ಟವಲ್ ಮಡಿಸಿದರು, ಬಿಚ್ಚಿದರು. "ಹಿಡಿದೇ ಇದ್ದೆ. ಎಷ್ಟು ಬೇಕೋ ಅಷ್ಟು. ಒಂದು ನರ ಒಡೆದದ್ದು ಸಾಕು ಈ ಮನೇಲಿ."

ಸಿಟ್ಟು ಬರಬೇಕಿತ್ತು. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಟವಲ್ ಇಸಿದುಕೊಂಡು ಕೈ ಒರೆಸಿಕೊಂಡೆ. ಮಧ್ಯಾಹ್ನ ಇಬ್ಬರೂ ಊಟ ಮಾಡಿರಲಿಲ್ಲ. ಅತ್ತೆ ಅನ್ನ ಬಿಸಿ ಮಾಡಿದರು, ನಾನು ತಟ್ಟೆ ಇಟ್ಟೆ. ಅವರ ಬಲಗಾಲು ನಡುಗುತ್ತಿತ್ತು. ಬೆಳಿಗ್ಗೆಯಿಂದ ಆ ಕಾಲು ಒಂದೇ ಸಮನೆ ಒತ್ತುತ್ತಾ, ಒತ್ತದೆ ಇರುತ್ತಾ ಇತ್ತು. ಕುರ್ಚಿ ಎಳೆದುಕೊಟ್ಟು ಕಾಲು ಮೇಲಿಡಿಸಿದೆ.

ಇನ್ನೊಮ್ಮೆ ಮಾಡಿ ನೋಡಬಹುದಾ ಎಂದು ಕೇಳಿದರು. ಆಗಲ್ಲ ಅತ್ತೆ ಎಂದೆ. ಬೇಕಾದರೆ ನಾನು ಕೆಳಗೆ ಹೋಗ್ತೀನಿ, ನೀನು ಒತ್ತು ಎಂದರು. ಮುರಿದಿದೆ ಅತ್ತೆ ಎಂದೆ.

ಶನಿವಾರ ನಾನು ಎಲ್ಲಿಗೂ ಹೋಗಲಿಲ್ಲ. ತಪಾಸಣೆಯ ಹೊತ್ತಿಗೆ ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತಿದೆ. ಅದು ನೆಲಕ್ಕೆ ಹೋಯಿತು. ಎತ್ತಿದೆ. ಮತ್ತೆ ಒತ್ತಿದೆ. ಎಲ್ಲೂ ಏನೂ ಎದುರು ನಿಲ್ಲಲಿಲ್ಲ.

ಭಾನುವಾರ ಒಳಗಿನ ಸಾಮಾನು ಇಳಿಸಿದೆವು. ಪರದೆಗಳನ್ನು ಅತ್ತೆ ತಾವೇ ಕಳಚಿದರು. ಹಾಸಿಗೆಯನ್ನು ಇಬ್ಬರೂ ಸೇರಿ ಹೊತ್ತು ತಂದು ನನ್ನ ಕೋಣೆಯ ನೆಲದ ಮೇಲೆ ಹಾಕಿದೆವು. ಗೋಡೆಗೆ ಒತ್ತಿಸಿದರೂ ಕತ್ತರಿಸಿದ ಮೂಲೆ ಕಾಣುತ್ತಿತ್ತು. "ಇಲ್ಲಿ ಕಪಾಟು ಇಲ್ವಲ್ಲ" ಎಂದರು ಅತ್ತೆ. ಆ ಮೂಲೆಗೆ ಒಂದು ದಿಂಬು ಮಡಿಸಿ ತುರುಕಿದರು. ನಿದ್ದೆ ಬರಲಿಲ್ಲ. ಬೆಳಿಗ್ಗೆ ಚಹಾ ತಂದವರು ತಟ್ಟಲು ಬಾಗಿಲು ಹುಡುಕಿದ ಹಾಗೆ ಒಂದು ಗಳಿಗೆ ಹೊಸ್ತಿಲಲ್ಲಿ ನಿಂತರು. ಬಾಗಿಲು ತೆರೆದೇ ಇತ್ತು.

*

ಲಾರಿಯವನು ಬಂದು ಅಜ್ಜಿಯನ್ನು ಒಂದು ಸುತ್ತು ಹಾಕಿದ. ಹಿಂದಿನ ಎಡಗಡೆ ಬಂದು ನಿಂತ.

"ಚಕ್ರ ಹಾಕಿ ಕೊಡಿ. ಇಲ್ಲದಿದ್ರೆ ಎಳೆಯೋಕೆ ಆಗಲ್ಲ. ಫ್ರಿಜ್ಜು ಹತ್ತಿಸಿ ಬರ್ತೀನಿ, ಅಷ್ಟರಲ್ಲಿ ಹಾಕಿರಿ."

ಚಕ್ರ ಗೋಡೆಗೆ ಒರಗಿತ್ತು. ಅವನು ಒರಗಿಸಿಟ್ಟ ಹಾಗೆಯೇ. ಅದರ ನಟ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ್ದ. ನಾನು ಚಕ್ರ ಉರುಳಿಸಿ ತಂದೆ. ಎತ್ತಲು ಆಗಲಿಲ್ಲ. ಅತ್ತೆ ಇನ್ನೊಂದು ಬದಿ ಹಿಡಿದರು. ಎರಡು ಸಲ ಜಾರಿತು, ಮೂರನೇ ಸಲ ಕೂತಿತು. ನಟ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ ಹಿಡಿಸಿದೆ. ಜಾಕ್ ಹಾಕಿ ಒಂದಿಷ್ಟು ಎತ್ತಿ ಸ್ಟ್ಯಾಂಡ್ ಎಳೆದೆ, ಆಮೇಲೆ ಜಾಕ್ ಇಳಿಸಿದೆ. ಅಜ್ಜಿ ನಾಲ್ಕೂ ಕಾಲಿನ ಮೇಲೆ ನಿಂತಳು.

ಇನ್ನು ಬಿಗಿಯಬೇಕಿತ್ತು. ಗುಜರಿಗೆ ಹೋಗುವ ಗಾಡಿ, ಇಷ್ಟು ಸಾಕು ಅನ್ನಬಹುದಿತ್ತು. ಉದ್ದನೆಯ ಸ್ಪ್ಯಾನರನ್ನು ನಟ್ಟಿಗೆ ಅಡ್ಡ ಸಿಕ್ಕಿಸಿ ಎರಡೂ ಕೈಯಿಂದ ಒತ್ತಿದೆ. ಅರ್ಧ ಸುತ್ತು ಬಂತು, ನಿಂತಿತು. ನನ್ನ ಕೈಯಲ್ಲಿ ಅಷ್ಟೇ ಇತ್ತು.

"ಆ ಕಡೆ ಸರಿ" ಎಂದರು ಅತ್ತೆ.

ಚಪ್ಪಲಿ ಬಿಟ್ಟರು. ಬಗ್ಗಿ, ವ್ಯಾನಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎದ್ದು ನನ್ನ ಎರಡೂ ತೋಳು ಹಿಡಿದು ಚಕ್ರದಿಂದ ದೂರ, ಗೋಡೆಯ ಹತ್ತಿರ ನಿಲ್ಲಿಸಿದರು. ವಾಪಸು ಹೋಗಿ ಒಂದು ಕೈಯಲ್ಲಿ ಅಜ್ಜಿಯ ಕಿಟಕಿಯ ಅಂಚು ಹಿಡಿದು, ಬಲಗಾಲನ್ನು ಸ್ಪ್ಯಾನರಿನ ತುದಿಯ ಮೇಲಿಟ್ಟರು. ಎಡಗಾಲನ್ನೂ ನೆಲದಿಂದ ಎತ್ತಿದರು. ಇಡೀ ಮೈ ಭಾರ ಬಿಟ್ಟರು. ನಟ್ಟು ಕಿರ್ರೆಂದು ತಿರುಗಿ ಕಚ್ಚಿಕೊಂಡಿತು.

"ಮುಂದಿನದು" ಎಂದರು.

ನಾನು ಸ್ಪ್ಯಾನರ್ ತೆಗೆದು ಮುಂದಿನ ನಟ್ಟಿಗೆ ಸಿಕ್ಕಿಸಿದೆ. ಗೋಡೆಯ ಹತ್ತಿರ ವಾಪಸು ಹೋಗು ಎಂದು ಕೈ ತೋರಿಸಿದರು. ಹೋದೆ. ಅವರು ಮತ್ತೆ ಬಗ್ಗಿ ಕೆಳಗೆ ನೋಡಿದರು. ಆಮೇಲೆ ಹತ್ತಿ ನಿಂತರು.

ಲಾರಿಯವನು ಫ್ರಿಜ್ಜಿಗೆ ಹಗ್ಗ ಕಟ್ಟಿ ಬಂದಾಗ ಕೊನೆಯ ನಟ್ಟು ಉಳಿದಿತ್ತು. "ಅಷ್ಟೊಂದು ಯಾಕಮ್ಮ, ಸಾಕು ಬಿಡಿ. ಅಲ್ಲಿ ಹೋದ ತಕ್ಷಣ ಬಿಚ್ಚೋದೇ ಅದನ್ನ" ಎಂದ.

"ಬಿಚ್ಚುವಾಗ ನೋಡ್ಕೋ" ಎಂದರು ಅತ್ತೆ, ಸ್ಪ್ಯಾನರಿನ ಮೇಲಿನಿಂದ ಇಳಿಯದೆ. "ಕೆಳಗೆ ಯಾರೂ ಇರಬಾರದು."